ಭಾನುವಾರದ ಪೆಸ್ಟೋ: ಯಾರು ಯಾವುದು?

ಎಲ್ಲರಿಗೂ ನಮಸ್ಕಾರ. ಭಾನುವಾರ ಬೆಳಿಗ್ಗೆ 11ಕ್ಕೆ ಪೆಸ್ಟೋ (ಬೇಸಿಲ್ ಎಲೆ ಜಜ್ಜಿ ಮಾಡುವ ಇಟಲಿಯ ಸಾಸ್) ಮಾಡೋಣ ಅಂತ ಮಾತಾಗಿತ್ತಲ್ವಾ, ಒಂದೆರಡು ವಿಷಯ ನೆನಪಿಡಿ.

ಇಟಲಿಯ ಜಿನೋವಾ ನಗರದ ಮೂಲ ಪೆಸ್ಟೋಗೆ ಏಳೇ ಸಾಮಾನು: ಎಳೆ ಬೇಸಿಲ್ ಎಲೆ, ಪೈನ್ ನಟ್ಸ್, ಬೆಳ್ಳುಳ್ಳಿ, ಕಲ್ಲುಪ್ಪು, ಆಲಿವ್ ಎಣ್ಣೆ, ಜೊತೆಗೆ ಪಾರ್ಮೆಸಾನ್ ಮತ್ತು ಪೆಕೊರಿನೊ ಚೀಸ್. ಅಮೃತಶಿಲೆಯ ಕುಟ್ಟಾಣಿಯಲ್ಲಿ ಕೈಯಾರೆ ಜಜ್ಜುತ್ತಾರೆ, ಒಲೆಗೆ ಇಡುವುದೇ ಇಲ್ಲ. ಗೋಡಂಬಿ, ವಾಲ್‌ನಟ್, ಪಾಲಕ್ ಹಾಕಿದ್ದು ಬದಲಾದ ರೂಪ. ಅದೇನೂ ತಪ್ಪಲ್ಲ, ನನಗಂತೂ ವಾಲ್‌ನಟ್‌ದೇ ಜಾಸ್ತಿ ಇಷ್ಟ, ಆದರೆ ಸುಮ್ನೆ ‘ಜಿನೋವಾದ್ದು’ ಅಂತ ಚೀಟಿ ಅಂಟಿಸಬೇಡಿ.

ಮಿಕ್ಸಿ ಬಳಸುವವರು ಜಾರ್ ಫ್ರಿಜ್‌ನಲ್ಲಿಟ್ಟು ತನ್ನಿ, ಬಿಸಿಯಾದರೆ ಎಲೆ ಕಪ್ಪಾಗುತ್ತದೆ. ನಟ್ಸ್ ಅಲರ್ಜಿ ಇರುವವರು ಮೊದಲೇ ಹೇಳಿ. ಅವರಿಗೆ ಪಿಸ್ತು, ಅಂದರೆ ಪೆಸ್ಟೋ ತರದ್ದೇ ಆದರೆ ಬೀಜ ಹಾಕದ ಫ್ರಾನ್ಸ್‌ನ ಪ್ರೊವೆನ್ಸ್ ಕಡೆಯ ಸಾಸ್, ಬೇರೆ ಪಾತ್ರೆಯಲ್ಲಿ ಮಾಡೋಣ.

ಮೂಲದ್ದೋ, ಬದಲಾದದ್ದೋ, ಶುಕ್ರವಾರ ರಾತ್ರಿಯೊಳಗೆ ಇಲ್ಲೇ ಬರೆಯಿರಿ.