ಹಾರ್ಮೋನಿಯಂ ಒಣಗಿಸಿದವರಿಗೆ, ದುಡಿ ಹಿಡಿಸಿದವರಿಗೆ

ಮೊನ್ನೆ ನಮ್ಮ ಶಾಲೆಯ ವಾರ್ಷಿಕೋತ್ಸವದಲ್ಲಿ ಮೂರನೇ ಹಾಡಿನ ನಡುವೆ ಕರೆಂಟ್ ಹೋಯಿತು. ಕೊಡಗಿನಲ್ಲಿ ಇದೊಂದು ಸುದ್ದಿಯೇ ಅಲ್ಲ. ಬೇರೆ ವರ್ಷವಾಗಿದ್ದರೆ ಕಾರ್ಯಕ್ರಮ ಅಲ್ಲಿಗೇ ನಿಲ್ಲುತ್ತಿತ್ತು, ಯಾಕೆಂದರೆ ನಮ್ಮದು ಯಾವಾಗಲೂ ರೆಕಾರ್ಡ್ ಡ್ಯಾನ್ಸ್. ಪೆನ್‌ಡ್ರೈವ್ ಹಾಕಬೇಕು, ಸ್ಪೀಕರ್ ಕೂಗಬೇಕು, ಮಕ್ಕಳು ಕುಣಿಯಬೇಕು. ಈ ಸಲ ಮೂವತ್ತೊಂದು ಮಕ್ಕಳು ಹಾಡುತ್ತಲೇ ಇದ್ದರು. ಮೈಕ್ ಸತ್ತಿದ್ದು ಅವರಿಗೆ ಗೊತ್ತೇ ಆಗಲಿಲ್ಲವೋ, ಗೊತ್ತಾದರೂ ಲೆಕ್ಕಕ್ಕೆ ತಗೊಳ್ಳಲಿಲ್ಲವೋ. ಹಿಂದೆ ಕೂತಿದ್ದ ಒಬ್ಬ ತಾಯಿ, ಕೇಳಿಸುವುದಿಲ್ಲ ಅಂತ ಎದ್ದು ಮುಂದೆ ಬಂದು ನೆಲದ ಮೇಲೆ ಕೂತರು. ಅವರ ಹಿಂದೆ ಇನ್ನೊಬ್ಬರು. ಐದು ನಿಮಿಷದಲ್ಲಿ ಕುರ್ಚಿಗಳೆಲ್ಲ ಖಾಲಿ, ಊರೆಲ್ಲ ವೇದಿಕೆಯ ಬುಡದಲ್ಲಿ.

ಅವತ್ತು ವಂದನಾರ್ಪಣೆ ನನ್ನದೇ ಇತ್ತು. ಗಂಟಲು ಕಟ್ಟಿ, 'ಎಲ್ಲರಿಗೂ ಧನ್ಯವಾದ' ಅಂದಷ್ಟೇ ಹೇಳಿ ಇಳಿದುಬಿಟ್ಟೆ. ಬಾಕಿ ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಹೆಸರು ಹಾಕಬೇಡಿ ಟೀಚರ್ ಅಂತ ಹಲವರು ಹೇಳಿದ್ದಾರೆ. ಹಾಕುವುದಿಲ್ಲ. ಓದಿದರೆ ನಿಮಗೇ ಗೊತ್ತಾಗುತ್ತದೆ.

ಮೊದಲು ನನ್ನದೇ ತಪ್ಪು ಹೇಳಿಬಿಡುತ್ತೇನೆ. ನಮ್ಮ ಶಾಲೆಗೆ ಸಂಗೀತಕ್ಕೆ ಅಂತ ಬೇರೆ ಟೀಚರ್ ಇಲ್ಲ. ಟೈಮ್‌ಟೇಬಲ್‌ನಲ್ಲಿ ಮಾತ್ರ ವಾರಕ್ಕೆ ಒಂದು ಪಿರಿಯಡ್ ಇದೆ. ಅದನ್ನು ವರ್ಷಗಟ್ಟಲೆ ನಾನು ಗಣಿತಕ್ಕೆ ಎಳೆದುಕೊಂಡೆ. ಭಾಗಾಕಾರ ಬಾಕಿ ಇದೆ, ಪರೀಕ್ಷೆ ಹತ್ತಿರ ಬಂತು, ಹೀಗೆ ಏನೋ ಒಂದು. ಮಕ್ಕಳು ಯಾವತ್ತೂ ಕೇಳಲಿಲ್ಲ, ಇಲ್ಲದ್ದನ್ನು ಅವರಾದರೂ ಹೇಗೆ ಕೇಳುತ್ತಾರೆ?

ಒಂದು ಹಾರ್ಮೋನಿಯಂ ಇತ್ತು. ಯಾವ ಕಾಲದಲ್ಲಿ ಯಾರು ಕೊಟ್ಟದ್ದೋ, ಆಫೀಸ್ ರೂಮಿನ ಕೆಳಗಿನ ಕಪಾಟಿನಲ್ಲಿ ಇರುತ್ತಿತ್ತು. 2019ರ ಆಗಸ್ಟ್‌ನಲ್ಲಿ ಕಾವೇರಿ ಉಕ್ಕಿ ಕರಡಿಗೋಡು, ನೆಲ್ಲಿಹುದಿಕೇರಿ ಕಡೆ ಮನೆಗಳಿಗೆಲ್ಲ ನುಗ್ಗಿದಳಲ್ಲ, ಆಗ ನಮ್ಮ ಶಾಲೆಯೊಳಗೂ ಮಂಡಿಮಟ್ಟ ನೀರು. ಇಳಿದ ಮೇಲೆ ನೋಡಿದರೆ ಹಾರ್ಮೋನಿಯಂ ತಿದಿ ಬಿಚ್ಚಿಕೊಂಡು ಕೆಸರು ಕಾರುತ್ತಿತ್ತು. ಮನೆ ಕಳೆದುಕೊಂಡವರು ಪರಿಹಾರ ಕೇಂದ್ರದಲ್ಲಿ ಮಲಗಿರುವಾಗ ಹಾರ್ಮೋನಿಯಂ ಬಗ್ಗೆ ಮಾತಾಡಲು ನಾಚಿಕೆ ಆಗುತ್ತಿತ್ತು, ನಿಜ. ಬಿಸಾಕಿ ಅಂದೆ.

ಬಿಸಾಕದವರು ನಮ್ಮ ಬಿಸಿಯೂಟದ ಅಕ್ಕ. ಸುಮ್ನೆ ಮನೆಗೆ ಹೊತ್ತುಕೊಂಡು ಹೋಗಿ ಸೌದೆ ಒಲೆಯ ಮೇಲಿನ ಅಟ್ಟದಲ್ಲಿ ಇಟ್ಟಿದ್ದರು, ಮೆಣಸು ಒಣಗಿಸುವ ಜಾಗದಲ್ಲಿ. ಎರಡು ತಿಂಗಳು ಅಲ್ಲೇ ಇತ್ತು. 'ಹೊಗೆ ಸಾಕು ಟೀಚರ್, ಬಿಸಿಲಿಗೆ ಇಟ್ಟರೆ ಮರ ಸೀಳುತ್ತದೆ' ಅಂದರು. ಮೈಸೂರಿನಲ್ಲಿ ಒಂದು ಅಂಗಡಿಯವರು ನೋಡಿ, ಇದು ಗುಜರಿಗೆ ಅಂತ ನಕ್ಕರು. ಇನ್ನೊಬ್ಬ ಹಿರಿಯರು ನಗಲಿಲ್ಲ. ಒಂದೊಂದೇ ಹಿತ್ತಾಳೆ ರೀಡು ಬಿಚ್ಚಿ, ಕಿಲುಬು ಕೆರೆದು, ಕಿವಿಯ ಹತ್ತಿರ ಹಿಡಿದು ಶ್ರುತಿ ಸರಿ ಮಾಡಿ, ತಿದಿಗೆ ಹೊಸ ಬಟ್ಟೆ ಅಂಟಿಸಿದರು. ಸಾಮಾನಿನ ದುಡ್ಡು ಬಿಟ್ಟರೆ ಒಂದು ರೂಪಾಯಿ ಜಾಸ್ತಿ ತಗೊಳ್ಳಲಿಲ್ಲ. ಈಗಲೂ ತಿದಿ ಒತ್ತಿದರೆ ಸಣ್ಣಗೆ ಹೊಗೆಯ ವಾಸನೆ ಬರುತ್ತದೆ. ಮಕ್ಕಳಿಗೆ ಅದು ಇಷ್ಟ.

ಅಕ್ಕ, ನಿಮಗೂ ಆ ಹಿರಿಯರಿಗೂ ಮೊದಲ ನಮಸ್ಕಾರ.

ಎರಡನೆಯದು ಗೋಣಿಕೊಪ್ಪದಿಂದ ಬಸ್ಸಿನಲ್ಲಿ ಶನಿವಾರ ಶನಿವಾರ ಬಂದ ಮೇಡಂ ಅವರಿಗೆ. ನಿವೃತ್ತರು, ಮಂಡಿ ನೋವು ಬೇರೆ. ಮೊದಲನೇ ದಿನ ನಮ್ಮ ಪ್ರಾರ್ಥನೆ ಕೇಳಿದರು. ಹೆಡ್‌ಮಾಸ್ಟರ್ ತಮ್ಮ ದಪ್ಪ ದನಿಯಲ್ಲಿ ಎತ್ತಿಕೊಡುವುದು, ಮಕ್ಕಳು ಅದರ ಹಿಂದೆ ತಡವರಿಸುವುದು ನಮ್ಮ ರೂಢಿ. ಮೇಡಂ ಹೇಳಿದ್ದು ಒಂದೇ ಮಾತು: 'ಮಕ್ಕಳಿಗೆ ಸ್ವರ ಇಲ್ಲ ಅಂತಲ್ಲ ಸಾರ್, ನೀವು ಶುರು ಮಾಡುವ ಜಾಗ ಕೆಳಗಾಯಿತು.' ಶ್ರುತಿ ಮೇಲೆ ಇಟ್ಟು ಅದೇ ಪ್ರಾರ್ಥನೆ ಹಾಡಿಸಿದರು. ಅದೇ ಮಕ್ಕಳು, ಅದೇ ಅಂಗಳ. ಹೆಡ್‌ಮಾಸ್ಟರ್ ಆಮೇಲೆ ನನ್ನ ಹತ್ತಿರ, 'ಇಷ್ಟು ವರ್ಷ ನಾನು ಏನು ಮಾಡುತ್ತಿದ್ದೆ ಹಾಗಾದರೆ?' ಅಂದರು. ಅದನ್ನು ಒಪ್ಪಿಕೊಂಡದ್ದಕ್ಕೆ ಅವರಿಗೂ ಒಂದು ನಮಸ್ಕಾರ ಸೇರಲಿ.

ಪುರಂದರದಾಸರು ಹಾಕಿಕೊಟ್ಟರು ಅನ್ನುವ ಸರಳೆ ವರಸೆ, ಅಂದರೆ ಸ್ವರ ಕಲಿಯುವ ಮೊದಲ ಪಾಠ, ಮಾಯಾಮಾಳವಗೌಳ ರಾಗದಲ್ಲಿ, ಇವರು ಕಲಿಸಿದ್ದು ಹೆಚ್ಚೇನಲ್ಲ. ಆದರೆ ಮಳೆಗಾಲದಲ್ಲಿ ನಮ್ಮ ಶೀಟಿನ ಮಾಡಿನ ಕೆಳಗೆ ಪಕ್ಕದವರ ಮಾತೂ ಕೇಳಿಸುವುದಿಲ್ಲ, ಹಾಡು ಎಲ್ಲಿಂದ? ಜೂನ್‌ನಲ್ಲಿ ಮೇಡಂ ಎರಡು ಶನಿವಾರ ಸುಮ್ಮನೆ ಕೂತರು. ಮೂರನೆಯದಕ್ಕೆ, ಬಾಯಿ ಬೇಡ ಕೈ ಸಾಕು ಅಂದರು. ಒಂದು ಪೆಟ್ಟು, ಮೂರು ಬೆರಳು, ಆಮೇಲೆ ಪೆಟ್ಟು-ಬೀಸು, ಪೆಟ್ಟು-ಬೀಸು. ಎಂಟು ಅಕ್ಷರ, ಆದಿತಾಳ. ದನಿಯೇ ಇಲ್ಲದ ಕ್ಲಾಸು. ಬಾಗಿಲಲ್ಲಿ ನಿಂತು ನೋಡಿದರೆ ಕೈಗಳೆಲ್ಲ ಒಟ್ಟಿಗೆ ಏಳುತ್ತಿದ್ದವು, ಬೀಳುತ್ತಿದ್ದವು, ಮೇಲೆ ಮಳೆ ಹುಯ್ಯುತ್ತಲೇ ಇತ್ತು. ಸೆಪ್ಟೆಂಬರ್‌ನಲ್ಲಿ ಮಳೆ ಇಳಿದಾಗ ಬಾಯಿ ತೆರೆದರು ನೋಡಿ, ತಾಳ ಒಬ್ಬರದ್ದೂ ತಪ್ಪಲಿಲ್ಲ.

ಇನ್ನು ಅಜ್ಜಯ್ಯ. 2020ರಲ್ಲಿ ಶಾಲೆ ಮುಚ್ಚಿ ವಿದ್ಯಾಗಮ ಅಂತ ನಾವೇ ಮಕ್ಕಳಿದ್ದ ಕಡೆ ಹೋಗುತ್ತಿದ್ದೆವಲ್ಲ. ಲೈನ್ ಮನೆಗಳ, ಅಂದರೆ ತೋಟದ ಕೆಲಸಗಾರರ ಸಾಲುಮನೆಗಳ, ಮಕ್ಕಳನ್ನು ಭಗವತಿ ದೇವಸ್ಥಾನದ ಅಂಗಳದಲ್ಲಿ ಕೂರಿಸುತ್ತಿದ್ದೆ. ಪಕ್ಕದ ಐನ್‌ಮನೆಯ (ಕೊಡವ ಕುಟುಂಬದ ಮೂಲ ಮನೆ) ಅಜ್ಜಯ್ಯ ದಿನಾ ಬಂದು ಕಟ್ಟೆ ಮೇಲೆ ಕೂತು ಕೇಳುತ್ತಿದ್ದರು. ಒಂದು ದಿನ ಜೊತೆಗೆ ದುಡಿ ತಂದರು. ನಡು ಸಣ್ಣಗಿರುವ ಪುಟ್ಟ ವಾದ್ಯ. ಎಡಗೈಯಲ್ಲಿ ಹಗ್ಗ ಅದುಮಿದರೆ ದನಿ ಏರುತ್ತದೆ, ಬಿಟ್ಟರೆ ಇಳಿಯುತ್ತದೆ, ಬಲಗೈಯಲ್ಲಿ ಸಣ್ಣ ಕೋಲು. ಕೊಡಗಿನ ಸುಗ್ಗಿ ಹಬ್ಬ ಪುತ್ತರಿಯಲ್ಲಿ ದೂರದಿಂದ ಕೇಳಿದ್ದೆ, ಹತ್ತಿರದಿಂದ ನೋಡಿದ್ದು ಅವತ್ತೇ. ನಾಲ್ಕು ಜನ ಹಾಡುವುದು, ಒಂದು ಜೋಡಿ ಎತ್ತಿದ್ದನ್ನು ಇನ್ನೊಂದು ಜೋಡಿ ಹಿಡಿಯುವುದು. ಜೊತೆಗೆ ಹಾಡುತ್ತಿದ್ದ ಮೂವರು ಈಗಿಲ್ಲ ಅಂದರು. ಹಾಡಿನ ಮಾತುಗಳಿಗೆ ತೊಂದರೆ ಇರಲಿಲ್ಲ. ಪೊಲೀಸ್ ಕೆಲಸದಲ್ಲಿದ್ದ ನಡಿಕೇರಿಯಂಡ ಚಿಣ್ಣಪ್ಪ ಅವರು ಕೊಡವರ ಹಾಡುಗಳನ್ನೆಲ್ಲ ಸೇರಿಸಿ 1924ರಲ್ಲೇ 'ಪಟ್ಟೋಲೆ ಪಳಮೆ' ಪುಸ್ತಕ ಮಾಡಿಟ್ಟಿದ್ದಾರೆ, ಕನ್ನಡ ಅಕ್ಷರದಲ್ಲೇ ಓದಬಹುದು. ಆದರೆ ಕೋಲು ಎಲ್ಲಿ ಬೀಳಬೇಕು ಅಂತ ಪುಸ್ತಕ ನೋಡಿ ಕಲಿಯಲಾಗುತ್ತದಾ? ಅದಕ್ಕೆ ಅಜ್ಜಯ್ಯನೇ ಬೇಕಾಯಿತು.

ಅವರ ಮುಂದೆ ಕೂತ ಮಕ್ಕಳ ಮನೆಮಾತು ಎರವ, ಕುರುಬ, ಮಲಯಾಳ, ತಮಿಳು, ತುಳು, ಅರೆಭಾಷೆ. ಕೊಡವ ತಕ್ಕ್ ಮನೆಮಾತಾಗಿದ್ದವರು ಇಬ್ಬರೇ. ಯಾರೋ ಒಬ್ಬರು ಬಂದು, 'ಇವರಿಗೆಲ್ಲ ಯಾಕೆ ಇದು?' ಅಂದರು. ಅಜ್ಜಯ್ಯ ತಲೆಯೆತ್ತಲೂ ಇಲ್ಲ, 'ಕಲಿಯುವವರಿಗೆ ಕಲಿಸುತ್ತೇನೆ' ಅಂದು ಮುಂದಿನ ಪೆಟ್ಟು ಹಾಕಿದರು. ಆಮೇಲೆ ಅದೇ ಅಂಗಳಕ್ಕೆ, ಅಸ್ಸಾಂನಿಂದ ತೋಟದ ಕೆಲಸಕ್ಕೆ ಬಂದ ಒಬ್ಬ ತಾಯಿ ಬಿಹು ಹಾಡಿಗೆ ಚಪ್ಪಾಳೆ ಹೇಗೆ ಅಂತ ತೋರಿಸಿಕೊಟ್ಟರು. ಕಾಫಿ ಕುಯ್ಲಿನ ಸಮಯ, ಕೂಲಿ ಬಿಟ್ಟು ಬಂದಿದ್ದರು.

ಮಕ್ಕಳು ಬಿಡಿಸಿದ ಚಿತ್ರದ ಕಥೆ ಚಿಕ್ಕದು. ಬಣ್ಣ ಸಾಲದಾದಾಗ ಕಾಫಿ ಡಿಕಾಕ್ಷನ್‌ನಲ್ಲೇ ಬಿಡಿಸಿದರು. ಗೋಡೆಯ ಮೇಲಿನ ಕಂದು ಕಾವೇರಿ ಅವರದೇ. ಪ್ರತಿಭಾ ಕಾರಂಜಿಗೂ ಹೋಗಿದ್ದೆವು, ಕ್ಲಸ್ಟರ್ ದಾಟಲಿಲ್ಲ. ಬೇಜಾರಿಲ್ಲ.

ಸಂಜೆ ಅಭ್ಯಾಸ ನಮ್ಮಲ್ಲಿ ಆಗುವುದಿಲ್ಲ. ನಾಲ್ಕೂವರೆ ಆದರೆ 'ಆನೆ ರಸ್ತೆಯಲ್ಲಿದೆ' ಅಂತ ವಾಟ್ಸಾಪ್ ಬರುತ್ತದೆ. ಹಾಗಾಗಿ ಮಧ್ಯಾಹ್ನ ಊಟ ಆದ ಮೇಲಿನ ಇಪ್ಪತ್ತು ನಿಮಿಷ. ಆ ಇಪ್ಪತ್ತು ನಿಮಿಷ ಬಿಟ್ಟುಕೊಟ್ಟ ನನ್ನ ಸಹೋದ್ಯೋಗಿಗಳಿಗೆ, ತಡವಾದ ದಿನ ಜೀಪಿನಲ್ಲಿ ಮಕ್ಕಳನ್ನು ಲೈನಿಗೆ ಬಿಟ್ಟುಬಂದ ಎಸ್‌ಡಿಎಂಸಿಯವರಿಗೆ (ಶಾಲಾ ಅಭಿವೃದ್ಧಿ ಸಮಿತಿ) ಕೃತಜ್ಞತೆ.

ಕೊನೆಯದು ಹೇಳಲು ಸ್ವಲ್ಪ ಕಷ್ಟ. 2020ರ ಗಣರಾಜ್ಯೋತ್ಸವಕ್ಕೆ ಹಾಡು ಅಭ್ಯಾಸ ಮಾಡಿಸುವಾಗ ಎರಡನೇ ಕ್ಲಾಸಿನ ಒಬ್ಬ ಹುಡುಗನಿಗೆ, 'ನೀನು ಹಿಂದೆ ನಿಂತು ಬಾಯಿ ಮಾತ್ರ ಆಡಿಸು, ದನಿ ಬೇಡ' ಅಂದಿದ್ದೆ. ಅವನು ಹಾಗೇ ಮಾಡಿದ. ಎಷ್ಟು ಚೆನ್ನಾಗಿ ಮಾಡಿದ ಅಂದರೆ, ಆಮೇಲೆ ಕ್ಲಾಸಿನಲ್ಲೂ ದನಿ ತೆಗೆಯುವುದು ನಿಲ್ಲಿಸಿದ. ಅದು ನನ್ನಿಂದ ಅಂತ ಹೊಳೆಯಲು ನನಗೆ ತಿಂಗಳುಗಳೇ ಬೇಕಾದವು. ದೇವಸ್ಥಾನದ ಅಂಗಳದಲ್ಲಿ ಅಜ್ಜಯ್ಯ ದುಡಿಯನ್ನು ಎಲ್ಲರ ಕೈಗೂ ಒಂದೊಂದು ಸಲ ಕೊಟ್ಟರು. ಇವನ ಕೈಗೆ ಕೊಟ್ಟದ್ದನ್ನು ವಾಪಸ್ ಕೇಳಲಿಲ್ಲ.

ಈಗ ಅವನು ಏಳನೇ ಕ್ಲಾಸು. ಕರೆಂಟ್ ಹೋದಾಗ ಹಾಡು ನಿಲ್ಲದಂತೆ ಹಿಡಿದಿದ್ದು ಅವನ ದುಡಿ. ಶ್ರುತಿ ಮಾತ್ರ ಇವತ್ತಿಗೂ ಸೇರುವುದಿಲ್ಲ, ಗೋಣಿಕೊಪ್ಪದ ಮೇಡಂ ಕೂಡ ಕೈ ಚೆಲ್ಲಿದ್ದಾರೆ. ಆದರೆ ಹಾಡುತ್ತಾನೆ, ಎಲ್ಲರಿಗಿಂತ ಜೋರಾಗಿ, ಮುಂದಿನ ಸಾಲಿನಲ್ಲಿ ನಿಂತು. ಕಾರ್ಯಕ್ರಮ ಮುಗಿದ ಮೇಲೆ ಅವನ ಹತ್ತಿರ ಹೋಗಿ, 'ಅವತ್ತು ನಾನು ಹಾಗೆ ಹೇಳಬಾರದಿತ್ತು ಕಣೋ' ಅಂದೆ. 'ಯಾವತ್ತು ಟೀಚರ್?' ಅಂದ. ಮರೆತಿದ್ದಾನೋ, ನನಗೋಸ್ಕರ ಮರೆತ ಹಾಗೆ ಮಾಡಿದನೋ ಗೊತ್ತಿಲ್ಲ. ಎರಡಕ್ಕೂ ಥ್ಯಾಂಕ್ಸ್ ಮಗಾ.

ಜೂನ್‌ನಲ್ಲಿ ಅವನು ಹೈಸ್ಕೂಲಿಗೆ ಹೋಗುತ್ತಾನೆ. ದುಡಿಗೆ ಐದನೇ ಕ್ಲಾಸಿನ ಇಬ್ಬರು ಹುಡುಗಿಯರು ಈಗಲೇ ಜಗಳ ಆಡುತ್ತಿದ್ದಾರೆ. ನಮ್ಮ ಕ್ಲಾಸು ಶನಿವಾರ ಬೆಳಿಗ್ಗೆ ಒಂಬತ್ತಕ್ಕೆ ಇರುತ್ತದೆ. ಕೇಳಬೇಕು ಅನ್ನಿಸಿದವರು ಯಾರು ಬೇಕಾದರೂ ಬನ್ನಿ. ಹೊರಡುವ ಮುಂಚೆ ಆನೆ ಎಲ್ಲಿದೆ ಅಂತ ಒಂದು ಸಲ ವಾಟ್ಸಾಪ್ ನೋಡಿಕೊಳ್ಳಿ.