ಕಟ್ಟು ಬಿಚ್ಚೋಕೆ ಕೈ ಬೇಕು: ನಮ್ಮ ಶುಕ್ರವಾರದ ಕೂಟಕ್ಕೊಂದು ದೇಣಿಗೆ ಮನವಿ

ದುಡ್ಡು ಕೇಳೋಕೆ ಬರೆಯುತ್ತಿದ್ದೇನೆ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಕೊನೆಯವರೆಗೂ ಓದಿಸಿ ಆಮೇಲೆ ಕೈ ಚಾಚೋದು ನನಗೂ ಸರಿ ಕಾಣೋದಿಲ್ಲ. ನಾನು ನಮ್ಮ ಚರ್ಚ್ ಸಭೆಯ ಟ್ರಸ್ಟಿನ ಖಜಾಂಚಿ.

ದೇವಾಲಯದ ಹಿಂದೆ ಸಂಡೇ ಸ್ಕೂಲಿನ ಒಂದು ಹಾಲ್ ಇದೆ. ಶೀಟಿನ ಛಾವಣಿ, ಮಕ್ಕಳ ಪುಟ್ಟ ಕುರ್ಚಿಗಳು. ಪ್ರತಿ ಶುಕ್ರವಾರ ಸಂಜೆ ಆರೂವರೆಗೆ ಆ ಕುರ್ಚಿಗಳಲ್ಲಿ ದೊಡ್ಡವರು ಮೊಣಕಾಲು ಎದೆಗೆ ತಾಗಿಸಿಕೊಂಡು ಕೂರುತ್ತಾರೆ. ಕುಡಿತ ಬಿಡಬೇಕು ಅನ್ನುವವರು, ಮೊಬೈಲಿನಲ್ಲಿ ರಮ್ಮಿ ಆಡಿ ಸಂಬಳ ಕಳೆದವರು, ಸೋಮವಾರದ ಸಂಘದ ಕಂತು ಕಟ್ಟೋಕೆ ಗುರುವಾರದ ಸಂಘದಲ್ಲಿ ಸಾಲ ಎತ್ತಿದ ಹೆಂಗಸರು. ಬಾಗಿಲ ಹತ್ತಿರ ಒಂದು ಸ್ಟೀಲ್ ಡಬ್ಬ ಇದೆ, ಮೊದಲು ಹಿಡಿ ಅಕ್ಕಿ ಕಾಣಿಕೆಗೆ ಇಟ್ಟಿದ್ದು. ಈಗ ಒಳಗೆ ಬರುವವರು ಅದರಲ್ಲಿ ಫೋನ್ ಹಾಕಬೇಕು. ಒಂದೂವರೆ ಗಂಟೆ ಆ ಡಬ್ಬ ಗುಂಯ್ ಗುಂಯ್ ಅನ್ನುತ್ತಲೇ ಇರುತ್ತದೆ, ಕೆಲವರ ಕಣ್ಣು ಅದರ ಮೇಲಿಂದ ಕದಲೋದೇ ಇಲ್ಲ. ಆಟ ಕರೆಯುತ್ತಿದೆಯೋ, ಸಾಲದ ಆ್ಯಪಿನವನೋ, ನಾವು ಕೇಳೋದಿಲ್ಲ.

ಅಜ್ಜನ ಕಾಲದಲ್ಲಿ ಜೀತ ಅಂದರೆ ಕಣ್ಣಿಗೆ ಕಾಣುತ್ತಿತ್ತು. ಯಾರ ಮನೆ, ಎಷ್ಟು ಸಾಲ, ಎಷ್ಟು ವರ್ಷ ಅಂತ ಊರಿಗೇ ಗೊತ್ತಿತ್ತು. 1976ರ ಕಾನೂನು ಆ ಸಾಲವನ್ನೇ ರದ್ದು ಮಾಡಿತು. (ಜೀತ ಪೂರ್ತಿ ಹೋಗಿಲ್ಲ ಬಿಡಿ, ಆ ಮಾತು ಬೇರೆ.) ಈಗಿನ ಜೀತಕ್ಕೆ ಒಡೆಯನ ಮುಖವೇ ಇಲ್ಲ. 2007ರಲ್ಲಿ ರಾಜ್ಯದಲ್ಲಿ ಸಾರಾಯಿ ನಿಂತಿತು, ಕುಡಿಯುವವರು ಟೆಟ್ರಾ ಪ್ಯಾಕಿಗೆ ಬದಲಾದರು. 2025ರಲ್ಲಿ ಸಾಲ ವಸೂಲಿಯ ಕಿರುಕುಳದ ವಿರುದ್ಧ ರಾಜ್ಯದ ಸುಗ್ರೀವಾಜ್ಞೆ ಬಂತು, ಆಗಸ್ಟಿನಲ್ಲಿ ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ಕೇಂದ್ರ ನಿಷೇಧಿಸಿತು. ಒಳ್ಳೇದೇ ಆಯಿತು. ಆದರೆ ಆಟ ನಿಂತ ಮರುವಾರ ಒಬ್ಬ ಹುಡುಗ ಬಂದು, "ಅಣ್ಣಾ, ಈಗ ರಾತ್ರಿ ಹೊತ್ತು ಏನು ಮಾಡಲಿ?" ಅಂದ. ಗೆಜೆಟ್‌ನಲ್ಲಿ ಅದಕ್ಕೆ ಉತ್ತರ ಎಲ್ಲಿರುತ್ತೆ?

ಪಾಪ ಮಾಡುವವನು ಪಾಪಕ್ಕೆ ದಾಸ ಅಂತ ಯೇಸು ಸ್ವಾಮಿ ಹೇಳಿದ್ದನ್ನು ನಾವು ಜಾಸ್ತಿ ಬೈಯೋಕೇ ಬಳಸಿದ್ದೇವೆ. ಅದರ ಹಿಂದಿನ ವಚನ ನೋಡಿ, ಯೋಹಾನ 8:33. "ನಾವು ಯಾವತ್ತೂ ಯಾರಿಗೂ ದಾಸರಾಗಿಲ್ಲ" ಅನ್ನುತ್ತಾರೆ ಜನ. ರೋಮಿನವರ ಆಳ್ವಿಕೆಯ ಕೆಳಗೆ ನಿಂತುಕೊಂಡು ಹೇಳಿದ ಮಾತಿದು! ಮೊದಲ ಶುಕ್ರವಾರ ನಮ್ಮ ಹಾಲ್‌ನಲ್ಲೂ ಎಲ್ಲರದ್ದೂ ಅದೇ ಮಾತು. "ನಾನು ಬೇಕಾದಾಗ ಬಿಡ್ತೀನಿ ಸಾರ್."

ನಮ್ಮದೂ ಒಂದು ತಪ್ಪಿದೆ, ಹೇಳಲೇಬೇಕು. ಶುರುವಿನಲ್ಲಿ ಒಬ್ಬರ 40,000 ರೂಪಾಯಿ ಸಾಲವನ್ನು ಒಂದೇ ಸಲಕ್ಕೆ ತೀರಿಸಿದೆವು. ಭಾನುವಾರ ಸಾಕ್ಷಿ ಹೇಳಿಸಿದೆವು, ಚಪ್ಪಾಳೆ ಹೊಡೆದೆವು. ಮೂರು ತಿಂಗಳಲ್ಲಿ ಅವರ ಹೆಸರಿನಲ್ಲಿ ಅದಕ್ಕಿಂತ ದೊಡ್ಡ ಸಾಲವಿತ್ತು, ಯಾಕೆಂದರೆ ಹಳೇದು ತೀರಿತು ಅಂತ ಗೊತ್ತಾದ ಕೂಡಲೇ ಕೊಡೋಕೆ ಎಲ್ಲರೂ ತಯಾರಿದ್ದರು, ಮತ್ತೆ ಮನೆಯಲ್ಲಿ ಕುಡಿತ ಹಾಗೇ ಇತ್ತು, ಕೆಲಸವೂ ಇರಲಿಲ್ಲ. ಅವರು ಆರು ತಿಂಗಳು ಆರಾಧನೆಗೇ ಬರಲಿಲ್ಲ. ನಾಚಿಕೆ.

ಆ ಹೊತ್ತಿಗೆ ನಮ್ಮ ಅಯ್ಯನವರು, ಅಂದರೆ ಪಾಸ್ಟರ್, ಸತ್ತ ಲಾಜರನನ್ನು ಯೇಸು ಸ್ವಾಮಿ ಎಬ್ಬಿಸಿದ ಕಥೆ ಓದಿದರು. ಸತ್ತು ನಾಲ್ಕು ದಿನ, ನಾತ ಬರುತ್ತೆ ಅಂತ ಅವನ ಸಹೋದರಿ ಮಾರ್ಥಳೇ ಹೇಳಿದ್ದಾಳೆ. ಕರೆದ ಕೂಡಲೇ ಲಾಜರ ಎದ್ದು ಬಂದ, ಆದರೆ ಕೈಕಾಲಿಗೆ ಬಟ್ಟೆ ಸುತ್ತಿಕೊಂಡೇ. ಸತ್ತವನನ್ನು ಎಬ್ಬಿಸಿದ ಸ್ವಾಮಿಗೆ ನಾಲ್ಕು ಗಂಟು ಬಿಚ್ಚೋದು ಕಷ್ಟವಿತ್ತಾ? ಆದರೂ ಸುತ್ತ ನಿಂತವರಿಗೆ ಹೇಳಿದರು, ಅವನನ್ನು ಬಿಚ್ಚಿ, ಹೋಗಲಿ ಅಂತ. ಬಿಡುಗಡೆ ಕೊಡೋದು ದೇವರು. ಆ ನಾರುವ ಬಟ್ಟೆಗೆ ಕೈ ಹಾಕೋದು ನಮ್ಮ ಪಾಲು.

ಈಗ ನಾವು ಯಾರ ಸಾಲವನ್ನೂ ತೀರಿಸೋದಿಲ್ಲ. ತಿಂಗಳಿಗೆ 30,000 ಖರ್ಚಿದೆ. ಅದರಲ್ಲಿ 12,000 ಆಪ್ತ ಸಮಾಲೋಚಕರಿಗೆ. 10,000 ಆಸ್ಪತ್ರೆಗೆ ಹೋಗಿಬರುವ ಬಸ್ಸಿಗೆ, ಔಷಧಿಗೆ, ಜೊತೆಗಿರುವವರ ಊಟಕ್ಕೆ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ದಿನಾ ಜಾಸ್ತಿ ಕುಡಿಯುವವರು ಪ್ರಾರ್ಥನೆ ಮಾಡಿಸಿಕೊಂಡು ಒಂದೇ ರಾತ್ರಿಗೆ ಬಿಟ್ಟರೆ, ಎರಡನೇ ಮೂರನೇ ದಿನಕ್ಕೆ ಮೈ ನಡುಗಿ, ಫಿಟ್ಸ್ ಬಂದು, ಇಲ್ಲದ್ದು ಕಂಡು, ಜೀವಕ್ಕೇ ಅಪಾಯವಾಗಬಹುದು. ಅದು ದೆವ್ವವಲ್ಲ. ಡಾಕ್ಟರ್ ಬೇಕು. ದಯವಿಟ್ಟು ಯಾವ ಸಭೆಯವರೂ ಅಂಥವರನ್ನು ಸುಮ್ನೆ ಮನೆಗೆ ಕಳಿಸಬೇಡಿ. ರಾತ್ರಿ ಹೊತ್ತು ಮನಸ್ಸು ಕೆಟ್ಟರೆ ಸರ್ಕಾರದ ಟೆಲಿ ಮಾನಸ್ 14416ಕ್ಕೆ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ.

ಉಳಿದ 8,000 ಹಳೇ ಹೊಲಿಗೆ ಮಿಷನ್ನು, ತಳ್ಳುಗಾಡಿ, ಇಂಥದ್ದಕ್ಕೆ. 1865ರಲ್ಲಿ ಬಾಸೆಲ್ ಮಿಶನ್‌ನವರು ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಹಾಕಿದ್ದೂ ಹೀಗೇ, ಸಭೆಗೆ ಬಂದವರಿಗೆ ದುಡಿಮೆ ಬೇಕಿತ್ತು.

ಕಾಣಿಕೆಯಿಂದ 11,000 ಬರುತ್ತದೆ. ಬಾಕಿ 19,000. ತಿಂಗಳಿಗೆ 500 ಕೊಡುವ 38 ಜನ ಸಿಕ್ಕರೆ ಸಾಕು. 80ಜಿ ರಸೀದಿ ಇದೆ, ಆದರೆ 2,000ಕ್ಕಿಂತ ಜಾಸ್ತಿ ನಗದು ಕೊಟ್ಟರೆ ತೆರಿಗೆ ವಿನಾಯಿತಿ ಸಿಗೋದಿಲ್ಲ, ಬ್ಯಾಂಕಿಗೇ ಹಾಕಿ. ನಮಗೆ ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ಕಾನೂನಿನ) ನೋಂದಣಿ ಇಲ್ಲ, ಹಾಗಾಗಿ ವಿದೇಶಿ ಪಾಸ್‌ಪೋರ್ಟ್ ಇರುವವರು ಪ್ರಾರ್ಥನೆ ಮಾಡಿ, ಹಣ ಬೇಡ. ಗಲ್ಫಿನಲ್ಲಿರುವ ಭಾರತದ ಪ್ರಜೆಗಳು ತಮ್ಮ ದುಡಿಮೆಯದ್ದನ್ನು ಬ್ಯಾಂಕಿನ ಮೂಲಕ ಕಳಿಸಬಹುದು. ಒಬ್ಬ ಬಾರ್ ಮಾಲೀಕರು 25,000 ಕೊಡೋಕೆ ಬಂದಿದ್ದರು, ಕಮಿಟಿಯಲ್ಲಿ ಎರಡು ಗಂಟೆ ಜಗಳವಾಗಿ ಬೇಡ ಅಂದೆವು. ಸರಿ ಮಾಡಿದೆವಾ ಅಂತ ನನಗೆ ಈಗಲೂ ಅನುಮಾನ.

ಕೂಟಕ್ಕೆ ಬರೋಕೆ ಯಾರೂ ಸಭೆಗೆ ಸೇರಬೇಕಿಲ್ಲ, ಯಾವ ಜಾತಿ ಧರ್ಮ ಅಂತ ಬರೆದುಕೊಳ್ಳೋದೂ ಇಲ್ಲ.

ಆ 40,000ದ ಅಣ್ಣ ವಾಪಸ್ ಬಂದಿದ್ದಾರೆ. ಹೋದ ಸಲದ ಕೊಯ್ಲಿನ ಹಬ್ಬಕ್ಕೆ ಹಿತ್ತಲಿನ ಸಿಹಿಗುಂಬಳ ತಂದಿಟ್ಟರು, ಹರಾಜಿನಲ್ಲಿ 1,100ಕ್ಕೆ ಹೋಯಿತು, ಈ ಲೆಕ್ಕದ ಪುಸ್ತಕದಲ್ಲಿ ಮೊದಲ ರಸೀದಿ ಅದೇ. ಅವರದ್ದು ಇನ್ನೂ ಏಳು ಕಂತು ಬಾಕಿ ಇದೆ. ಈ ಸಲದ ಹರಾಜಿಗೆ ನೀವೂ ಬನ್ನಿ, ಕೂಗೋಕೆ ಜನ ಬೇಕು.