ಆರೋಗ್ಯ ಸಚಿವರಿಗೆ ಒಂದು ಬಹಿರಂಗ ಪತ್ರ: ಆತಂಕಕ್ಕೂ ಊಟಕ್ಕೂ ಬೇರೆ ಬೇರೆ ಬಾಗಿಲು ಬೇಡ

ಮಾನ್ಯ ಆರೋಗ್ಯ ಸಚಿವರೇ,

ನಮಸ್ಕಾರ. ಕೇಳುವುದು ಒಂದೇ ವಿಷಯ. ಆತಂಕದ ಕಾಯಿಲೆ ಅಂತ ಬಂದವರನ್ನು ಊಟದ ಬಗ್ಗೆಯೂ ವಿಚಾರಿಸಬೇಕು. ಅನೊರೆಕ್ಸಿಯಾ (ದಪ್ಪಗಾಗುವ ಭಯದಿಂದ ಊಟ ಬಿಡುವುದು), ಬುಲಿಮಿಯಾದಂಥ (ಮಿತಿಮೀರಿ ತಿಂದು ವಾಂತಿ ಮಾಡಿಕೊಳ್ಳುವಂಥದ್ದು) ಈಟಿಂಗ್ ಡಿಸಾರ್ಡರ್, ಅಂದರೆ ಊಟಕ್ಕೆ ಸಂಬಂಧಿಸಿದ ಮಾನಸಿಕ ಕಾಯಿಲೆ ಅಂತ ಬಂದವರನ್ನು ಆತಂಕದ ಬಗ್ಗೆಯೂ ವಿಚಾರಿಸಬೇಕು.

ನನ್ನ ತಂಗಿಗೆ ಚಿಕ್ಕಂದಿನಿಂದಲೂ ಹೆದರಿಕೆ ಜಾಸ್ತಿ. ಪರೀಕ್ಷೆ ಅಂದರೆ ಹೊಟ್ಟೆ ತೊಳಸುತ್ತಿತ್ತು, ನಾಲ್ಕು ಜನರ ಮುಂದೆ ಮಾತಾಡಬೇಕು ಅಂದರೆ ಹಿಂದಿನ ರಾತ್ರಿ ನಿದ್ದೆಯೇ ಇಲ್ಲ. ಅದಕ್ಕೆ ಚಿಕಿತ್ಸೆ ನಡೆಯುತ್ತಿತ್ತು. ಆಮೇಲಾಮೇಲೆ ತಟ್ಟೆಯಲ್ಲಿದ್ದುದನ್ನು ಚೂರು ಚೂರು ಮಾಡಿ ಅಂಚಿಗೆ ಸರಿಸುವುದು, ಎಲ್ಲರೂ ಉಂಡು ಎದ್ದ ಮೇಲೂ ಅದರ ಮುಂದೆ ಕೂತೇ ಇರುವುದು, ಯಾರಾದರೂ ಊಟಕ್ಕೆ ಕರೆದರೆ ಏನೋ ನೆಪ ಹೇಳಿ ತಪ್ಪಿಸಿಕೊಳ್ಳುವುದು ಶುರುವಾಯಿತು. ಆತಂಕಕ್ಕೆ ನೋಡುತ್ತಿದ್ದವರು ಊಟದ ಮಾತನ್ನೇ ಎತ್ತಲಿಲ್ಲ. ಊಟದ ವಿಷಯಕ್ಕೆ ಅಂತ ಹೋದ ಕಡೆ ತೂಕ ನೋಡಿ, ಅಷ್ಟೇನೂ ಕಮ್ಮಿ ಇಲ್ಲವಲ್ಲ ಅಂತ ವಾಪಸ್ ಕಳಿಸಿದರು. ಆವತ್ತು ಅವಳಿಗೆ ಅರ್ಥವಾದದ್ದು ಇಷ್ಟೇ: ಚಿಕಿತ್ಸೆ ಬೇಕಿದ್ದರೆ ಇನ್ನೂ ತೂಕ ಇಳಿಸಿಕೊಂಡು ಬರಬೇಕು.

ಇವೆರಡರ ನಂಟು ವೈದ್ಯರಿಗೆ ಗೊತ್ತಿಲ್ಲದ್ದೇನಲ್ಲ. 2004ರಲ್ಲಿ ಅಮೆರಿಕನ್ ಜರ್ನಲ್ ಆಫ್ ಸೈಕಿಯಾಟ್ರಿಯಲ್ಲಿ ಬಂದ ಅಧ್ಯಯನವೊಂದು ಅನೊರೆಕ್ಸಿಯಾ, ಬುಲಿಮಿಯಾ ಇದ್ದ 672 ಜನರನ್ನು ನೋಡಿತ್ತು. ಅವರಲ್ಲಿ ಸುಮಾರು ಮೂರನೇ ಎರಡು ಭಾಗದವರಿಗೆ ಯಾವುದಾದರೊಂದು ಆತಂಕದ ಕಾಯಿಲೆ ಇತ್ತು ಅಥವಾ ಹಿಂದೆ ಬಂದು ಹೋಗಿತ್ತು. ಶೇ 41ರಷ್ಟು ಜನಕ್ಕೆ ಗೀಳು ಕಾಯಿಲೆ (ಒಸಿಡಿ, ಬೇಡವೆಂದರೂ ಅದೇ ಯೋಚನೆ, ಅದೇ ಕೆಲಸ ಮತ್ತೆ ಮತ್ತೆ), ಶೇ 20ರಷ್ಟು ಜನಕ್ಕೆ ನಾಲ್ಕು ಜನರೆದುರು ಹೋಗುವ ಭಯ. ಬಹಳಷ್ಟು ಮಂದಿಗೆ ಆತಂಕ ಬಾಲ್ಯದಲ್ಲೇ ಶುರುವಾಗಿತ್ತು, ಊಟದ ತೊಂದರೆ ಬಂದದ್ದು ಆಮೇಲೆ. ಅಂದರೆ ಮೊದಲೇ ಗುರುತಿಸೋಕೆ ಸಮಯ ಇತ್ತು, ಅಲ್ವಾ?

ಇಂಥವರಿಗೆ ಊಟ ಬಿಟ್ಟಾಗ ಎದೆಯ ಕಳವಳ ಸ್ವಲ್ಪ ಹೊತ್ತು ತಗ್ಗುತ್ತದೆ. ಆ ಸಮಾಧಾನ ಸಿಕ್ಕಿದ್ದಕ್ಕೇ ಮತ್ತೆ ಬಿಡುತ್ತಾರೆ, ಬಿಟ್ಟಷ್ಟೂ ಊಟದ ಭಯ ಬೆಳೆಯುತ್ತದೆ. ಇದರ ಮೇಲೆ ಹಸಿವೇ ಆತಂಕವನ್ನು ಹೆಚ್ಚಿಸುತ್ತದೆ. 1944-45ರಲ್ಲಿ ಅಮೆರಿಕದ ಮಿನೆಸೋಟದಲ್ಲಿ 36 ಆರೋಗ್ಯವಂತ ಯುವಕರು ಸ್ವಇಚ್ಛೆಯಿಂದ ಸುಮಾರು ಆರು ತಿಂಗಳು ಅರೆಹೊಟ್ಟೆಯಲ್ಲಿದ್ದರು. ಅವರಲ್ಲಿ ಸಿಡುಕು, ಆತಂಕ, ಖಿನ್ನತೆ ಕಾಣಿಸಿಕೊಂಡವು, ದಿನವಿಡೀ ಊಟದ್ದೇ ಯೋಚನೆ. ಮೊದಲು ಗಟ್ಟಿಯಾಗಿದ್ದವರ ಪಾಡೇ ಹೀಗಾದರೆ, ಮೊದಲೇ ಹೆದರಿದ ಮಗುವಿನ ಪಾಡು ಏನಾಗಬೇಡ? ಇದನ್ನು ಹಟ ಅಂತ ಬೈಯುವವರನ್ನು ಕಂಡರೆ ನನಗೆ ತುಂಬಾ ಸಂಕಟವಾಗುತ್ತದೆ.

ದಯವಿಟ್ಟು ತೂಕವನ್ನು ಚಿಕಿತ್ಸೆಗೆ ಅರ್ಹತೆ ಮಾಡಬೇಡಿ. ಬುಲಿಮಿಯಾ ಇರುವ ಎಷ್ಟೋ ಜನ ನೋಡೋಕೆ ಚೆನ್ನಾಗೇ ಇರುತ್ತಾರೆ. ಆದರೆ ಪದೇ ಪದೇ ವಾಂತಿ ಮಾಡಿಕೊಂಡರೆ ರಕ್ತದಲ್ಲಿ ಪೊಟ್ಯಾಶಿಯಂ ಇಳಿದು ಹೃದಯದ ಬಡಿತವೇ ತಪ್ಪಬಹುದು. ಇದು ಗೊತ್ತಾಗೋದು ರಕ್ತ ಪರೀಕ್ಷೆಯಲ್ಲಿ, ಇಸಿಜಿಯಲ್ಲಿ. ತೂಕದ ಯಂತ್ರಕ್ಕೆ ಇದು ಕಾಣುವುದಿಲ್ಲ.

ಕೇಳಬೇಕಾದ ಪ್ರಶ್ನೆಗಳೂ ಸಿದ್ಧವಾಗಿವೆ. ಈಟಿಂಗ್ ಡಿಸಾರ್ಡರ್ ಇರಬಹುದೇ ಅಂತ ನೋಡುವ ಸ್ಕಾಫ್ ಎಂಬ ಐದು ಪ್ರಶ್ನೆಗಳ ಪಟ್ಟಿ 1999ರಿಂದಲೇ ಇದೆ, ಅದನ್ನು ಕೇಳಿ ಮುಗಿಸೋಕೆ ಕೆಲವೇ ನಿಮಿಷ ಸಾಕು. ಅದರಿಂದಲೇ ಕಾಯಿಲೆ ಖಚಿತವಾಗುವುದಿಲ್ಲ, ಯಾರನ್ನು ಇನ್ನಷ್ಟು ವಿಚಾರಿಸಬೇಕು ಅನ್ನೋದು ತಿಳಿಯುತ್ತದೆ. ಆತಂಕಕ್ಕೆ ಬರುವ ಪ್ರತಿ ಹದಿಹರೆಯದವರಿಗೂ, ಹುಡುಗರನ್ನೂ ಸೇರಿಸಿ, ಇದನ್ನು ಕೇಳುವಂತೆ ನಿಮ್ಮ ಇಲಾಖೆಯಿಂದ ಆದೇಶ ಹೊರಡಿಸಿ. ಎರಡೂ ತೊಂದರೆ ಇರುವವರನ್ನು ಅಲ್ಲಿಂದಿಲ್ಲಿಗೆ ಅಲೆಸದೆ ಮನೋವೈದ್ಯರು, ಆಹಾರ ತಜ್ಞರು ಮತ್ತು ದೇಹದ ಸ್ಥಿತಿ ನೋಡುವ ವೈದ್ಯರು ಒಟ್ಟಿಗೆ ಕೂತು ನೋಡುವ ವ್ಯವಸ್ಥೆ ಮಾಡಿ. ಈ ಕೆಲಸವನ್ನು ಯಾವ ಅಧಿಕಾರಿಗೆ ವಹಿಸುತ್ತೀರಿ, ಯಾವಾಗಿನಿಂದ ಶುರುವಾಗುತ್ತದೆ ಎಂದು ಎಲ್ಲರಿಗೂ ತಿಳಿಯುವಂತೆ ಉತ್ತರ ಕೊಡಿ.

ಇಂತಿ,
ಅಕ್ಕನೊಬ್ಬಳು